ಒಂದು ಗೇಣು ಹಿಂದೆ

ರಾಕ್‌ವಿಲ್, ಮೇರಿಲ್ಯಾಂಡ್
5 ಡಿಸೆಂಬರ್ 2023, ಮಂಗಳವಾರ

ನನ್ನ ಮುದ್ದಿನ ಸೌರಭ್,

ಅಜ್ಜಿಯ ಆಶೀರ್ವಾದ, ಎಂದಿನ ಹಾಗೆ ಎರಡೂ ಕೈ ತುಂಬ. ಹೇಗಿದ್ದೀಯ ಕಂದ? ಇಲ್ಲಿಂದ ಹೊರಡುವಾಗ ಗಂಟಲು ಕಟ್ಟಿತ್ತು, ಈಗ ವಾಸಿಯಾಯಿತೇ? ಸೌತ್ ಕೆರೊಲಿನಾದಲ್ಲಿ ನಮ್ಮಷ್ಟು ಚಳಿ ಇಲ್ಲ ಅಂತ ನೀನು ಕಿಟಕಿ ತೆರೆದಿಟ್ಟು ಮಲಗುತ್ತೀಯ, ನನಗೆ ಗೊತ್ತು. ಬ್ಯಾಗಿನ ಪಕ್ಕದ ಜೇಬಿನಲ್ಲಿ ಚಟ್ನಿಪುಡಿಯನ್ನೂ ಮೆಣಸಿನ ಸಾರಿನ ಪುಡಿಯನ್ನೂ ಇಟ್ಟಿದ್ದೆ, ಸಿಕ್ಕಿತೋ ಇಲ್ಲವೋ. ಬಿಸಿನೀರಿಗೆ ಒಂದು ಚಮಚ ಹಾಕಿ ಕುಡಿದರೂ ಗಂಟಲಿಗೆ ಹಿತ. ಇಲ್ಲಿ ನಾವೆಲ್ಲ ಆರೋಗ್ಯ. ನನ್ನ ಮಂಡಿನೋವು ಅದರ ಪಾಡಿಗೆ ಅದು ಇದೆ. ಅಮ್ಮ ಲ್ಯಾಬಿನಿಂದ ತಡವಾಗಿ ಬರುತ್ತಾಳೆ, ಬಂದವಳೇ ಮೊದಲು ಫೋನ್ ನೋಡುತ್ತಾಳೆ, ನಿನ್ನದೇನಾದರೂ ಬಂದಿದೆಯೇ ಎಂದು. ನಾನು ಫೋನ್ ಮಾಡಿದರೆ ನೀನು ಎತ್ತುತ್ತಿಲ್ಲ. ‘ಬಿಜಿ ಅಜ್ಜಿ, ಲವ್ ಯು’ ಎಂದು ಮೆಸೇಜ್ ಹಾಕುತ್ತೀಯ. ನಿನಗೆ ನನ್ನ ಮೇಲೆ ಕೋಪವಿಲ್ಲ, ನಾಚಿಕೆ. ಅದಕ್ಕೇ ಎತ್ತುತ್ತಿಲ್ಲ ಎಂಬುದು ನನಗೆ ಅರ್ಥವಾಗಿದೆ. ಕೋಪವಾಗಿದ್ದರೆ ಒಳ್ಳೆಯದಿತ್ತು. ಅದಕ್ಕೇ ಈ ಪತ್ರ. ಅಕ್ಷರ ದೊಡ್ಡದಾಗಿ, ಬಿಡಿಸಿ ಬರೆಯುತ್ತಿದ್ದೇನೆ. ಒತ್ತಕ್ಷರ ಬಂದ ಕಡೆ ನಿಧಾನಿಸು, ನಾನು ಕಲಿಸಿದ್ದೇ ಅಲ್ಲವೇ, ಓದಲು ಬರುತ್ತದೆ. ಕೊನೆಯವರೆಗೂ ಓದು. ಮಧ್ಯದಲ್ಲಿ ಬಿಸಾಡಬೇಕು ಅನ್ನಿಸಬಹುದು, ಆದರೂ ಓದು.

ನಿನ್ನೆ ಊಟಕ್ಕೆ ಕೂತಾಗ ನಿನ್ನ ಅಮ್ಮ ಒಂದು ಸುದ್ದಿ ಹೇಳಿದಳು. ಬರುವ ಬೇಸಿಗೆಯಲ್ಲಿ ಪ್ರೊಫೆಸರ್ ಜೊತೆ ಕಾಡಿಗೆ ಹೋಗಿ, ಜಿಂಕೆಗಳಿಗೆ ಮಂಪರು ಬರಿಸುವ ಸೂಜಿ ಹೊಡೆದು, ಕೊರಳಿಗೆ ರೇಡಿಯೋ ಪಟ್ಟಿ ಕಟ್ಟುವ ಕೆಲಸ ನಿನಗೆ ಸಿಕ್ಕಿತ್ತಲ್ಲ, ಅದು ಬೇಡ ಎನ್ನುತ್ತಿದ್ದೀಯಂತೆ. ಆ ಸೂಜಿಯನ್ನೂ ಬಂದೂಕಿನಿಂದಲೇ ಹೊಡೆಯಬೇಕು, ಸರಿಯಾದ ಜಾಗಕ್ಕೇ ಹೊಡೆಯಬೇಕು. ‘ಐ ಕಾಂಟ್ ಟ್ರಸ್ಟ್ ಮೈ ಹ್ಯಾಂಡ್ಸ್ ಅಂದ ಅವನು, ಅತ್ತೆ. ಅಷ್ಟು ಆಸೆಯಿಂದ ಅಪ್ಲೈ ಮಾಡಿದ್ದ’ ಎಂದಳು ಶ್ರೀಲತಾ. ನಿನ್ನ ಬೇಟೆಯ ಬಂದೂಕನ್ನೂ ಇಲ್ಲೇ ಬಿಟ್ಟುಹೋಗಿದ್ದೀಯ, ಅಂಗಡಿಗೆ ವಾಪಸ್ ಕೊಟ್ಟುಬಿಡು ಅಂತ ಅಪ್ಪನಿಗೆ ಹೇಳಿದ್ದೀಯ. ತಟ್ಟೆ ತೊಳೆಯುವ ನೆಪದಲ್ಲಿ ಎದ್ದೆ. ನಿನ್ನ ಕೈಯಲ್ಲಿ ಯಾವ ತಪ್ಪೂ ಇಲ್ಲ ಸೌರಭ್. ತಪ್ಪು ನನ್ನ ಕೈಯದು. ನಿನ್ನ ಬಂದೂಕಿನ ಗುರಿ ನೋಡುವ ಸ್ಕೋಪಿನ ತಿರುಪನ್ನು ನಾನು ತಿರುಗಿಸಿದ್ದೆ.

ಇನ್ನೊಮ್ಮೆ ಓದಬೇಡ, ನೀನು ಸರಿಯಾಗಿಯೇ ಓದಿದ್ದೀಯ. ಹೇಗಾಯಿತು ಎಂದು ಹೇಳುತ್ತೇನೆ.

ಥ್ಯಾಂಕ್ಸ್‌ಗಿವಿಂಗ್ ದಿನ ಊಟವಾದ ಮೇಲೆ ನೀನು ಊಟದ ಮೇಜಿನ ಮೇಲೆ ಬಟ್ಟೆ ಹಾಸಿ ಗುಂಡುಗಳನ್ನು ಸಾಲಾಗಿ ನಿಲ್ಲಿಸಿದ್ದೆ. ನನಗೆ ಮೈಯೆಲ್ಲ ಉರಿಯಿತು. ಹಬ್ಬದ ದಿನ, ಊಟ ಮಾಡುವ ಜಾಗ. ನೀನು ಮಾತ್ರ ಚಿಕ್ಕಂದಿನಲ್ಲಿ ಬಣ್ಣದ ಪೆನ್ಸಿಲ್ ತೋರಿಸುತ್ತಿದ್ದ ಮುಖದಲ್ಲೇ ಕೂತಿದ್ದೆ. ‘ಅಜ್ಜಿ, ನೋಡು, ಇದು ಫುಲ್ ತಾಮ್ರ. ಸೀಸ ಇಲ್ಲ. ಸೀಸದ್ದು ಒಳಗೆ ಹೋಗಿ ಪುಡಿಪುಡಿ ಆಗುತ್ತೆ, ಮೀಟ್‌ನಲ್ಲಿ ಸೇರುತ್ತೆ, ಹದ್ದುಗಳು ತಿಂದ್ರೆ ಸಾಯ್ತಾವೆ. ಇದು ಹಾಗೆ ಒಡೆಯಲ್ಲ’ ಎಂದು, ನೀರಿನ ಕ್ಯಾನುಗಳಿಗೆ ಹೊಡೆದು ತೆಗೆದ ಒಂದು ಗುಂಡನ್ನು ನನ್ನ ಅಂಗೈಗೆ ಹಾಕಿದೆ. ಅದರ ತುದಿ ನಾಲ್ಕು ಎಸಳಾಗಿ ಹಿಂದಕ್ಕೆ ಬಿಚ್ಚಿಕೊಂಡಿತ್ತು. ಚೆನ್ನಾಗಿತ್ತು ನೋಡಲು, ಅದೇ ನನಗೆ ಇನ್ನಷ್ಟು ಅಸಹ್ಯವಾಯಿತು. ಆಮೇಲೆ ಪೇಪರ್ ಟವೆಲ್ ಮೇಲೆ ಜಿಂಕೆಯ ಚಿತ್ರ ಬರೆದು, ಮುಂಗಾಲಿನ ಹಿಂದೆ ಸಣ್ಣ ಸೊನ್ನೆ ಹಾಕಿದೆ. ‘ಇಲ್ಲಿ ಹಾರ್ಟ್, ಲಂಗ್ಸ್. ಇಲ್ಲಿ ಬಿದ್ರೆ ಟೆನ್ ಸೆಕೆಂಡ್ಸ್ ಅಜ್ಜಿ. ಅದಕ್ಕೆ ಏನಾಯ್ತು ಅಂತ ಗೊತ್ತೇ ಆಗಲ್ಲ. ಒಂದು ಗೇಣು ಹಿಂದೆ ಬಿದ್ರೆ ಹೊಟ್ಟೆ. ಆಗ ಇಡೀ ದಿನ. ಅದಕ್ಕೇ ಶೂರ್ ಇಲ್ಲದಿದ್ರೆ ನಾನು ಹೊಡೆಯಲ್ಲ.’ ಗೇಣು ಎನ್ನುವಾಗ ಬೆರಳು ಚಾಚಿ ತೋರಿಸಿದೆ. ಆ ಪದ ನಾನೇ ನಿನಗೆ ಕಲಿಸಿದ್ದು, ಲಂಗ ಅಳೆಯುವಾಗ. ಬಂದೂಕನ್ನೂ ತಂದು ಸ್ಕೋಪಿನ ಮೇಲಿನ ಮುಚ್ಚಳ, ಪಕ್ಕದ ಮುಚ್ಚಳ ಎರಡನ್ನೂ ಬಿಚ್ಚಿ ಒಳಗಿನ ತಿರುಪು ತೋರಿಸಿದೆ: ಇದು ಗುರಿಯನ್ನು ಮೇಲೆ ಕೆಳಗೆ ಮಾಡೋದು, ಇದು ಎಡ ಬಲ. ನಿನ್ನೆ ಗುಂಡು ಹೊಡೆಯೋ ರೇಂಜಿನಲ್ಲಿ ಸರಿಮಾಡಿದ್ದೀನಿ, ಇನ್ನು ಮುಟ್ಟೋ ಹಾಗಿಲ್ಲ ಎಂದೆ. ನಾನು ಹೇಳಿದ್ದು ಒಂದೇ ಮಾತು: ‘ತೆಗಿ ಇದನ್ನೆಲ್ಲ, ಊಟ ಮಾಡೋ ಮೇಜಿದು.’ ನಿನ್ನ ಮುಖ ಸಣ್ಣದಾಯಿತು. ಆದರೂ ಎಲ್ಲವನ್ನೂ ಕಟ್ಟಿಟ್ಟು ಮತ್ತೆ ಬಂದು, ‘ಶನಿವಾರ ನನ್ನ ಜೊತೆ ಬಾ ಅಜ್ಜಿ. ನೋಡಿ ಆಮೇಲೆ ಬೈ’ ಎಂದೆ. ಬರುತ್ತೇನೆ ಅಂದೆ. ನಿನಗೆ ಎಷ್ಟು ಸಂತೋಷವಾಯಿತು! ಅಪ್ಪನೇ ಬೆರಗಾದ.

ನಾನು ಒಪ್ಪಿದ್ದು ನಿನ್ನ ಬೇಟೆ ಕೆಡಿಸುವುದಕ್ಕೆ. ಜಿಂಕೆ ಬಂದಾಗ ಜೋರಾಗಿ ಕೆಮ್ಮಿಬಿಡುವುದು ಎಂದುಕೊಂಡಿದ್ದೆ. ಶುಕ್ರವಾರ ಸಂಜೆ ಒಗೆದ ಬಟ್ಟೆ ಇಡಲು ನಿನ್ನ ಕೋಣೆಗೆ ಬಂದೆ. ಬಂದೂಕಿನ ಪೆಟ್ಟಿಗೆ ಹಾಸಿಗೆಯ ಮೇಲೆ ತೆರೆದಿತ್ತು, ನೀನು ಕೆಳಗೆ ಕಾರಿಗೆ ಸಾಮಾನು ಹಾಕುತ್ತಿದ್ದೆ. ನಿನ್ನ ಕಡೆ ಅಜಾಗರೂಕತೆ ಏನೂ ಇಲ್ಲ, ಗುಂಡು ಬೇರೆ ಕಡೆ ಬೀಗದಲ್ಲಿತ್ತು, ಬಂದೂಕು ಖಾಲಿ. ಮನೆಯೊಳಗೇ ಒಬ್ಬಳು ಹೀಗೆ ಮಾಡುತ್ತಾಳೆಂದು ಯಾರು ತಾನೇ ಎಣಿಸುತ್ತಾರೆ? ನನಗೆ ಆ ಪಕ್ಕದ ಮುಚ್ಚಳ ಕಂಡಿತು. ಮೈಸೂರಿನ ಶಾಲೆಯಲ್ಲಿ ಹೊಲಿಗೆ ಪಾಠ ಮಾಡಿದ ಕೈ ಇದು, ಮಿಷನ್ನಿನ ಟೆನ್ಷನ್ ತಿರುಪು ಅರ್ಧ ಸುತ್ತು ಆಚೀಚೆಯಾದರೆ ಇಡೀ ಹೊಲಿಗೆ ಹಾಳು ಎಂದು ಹುಡುಗಿಯರಿಗೆ ಹೇಳಿ ಹೇಳಿ ಸವೆದ ಬಾಯಿ. ಮುಚ್ಚಳ ಬಿಚ್ಚಿ ಅರ್ಧ ಸುತ್ತು ತಿರುಗಿಸಿದೆ. ಟಿಕ್ ಟಿಕ್ ಎಂದಿತು. ಮುಚ್ಚಳವನ್ನು ಮೊದಲಿದ್ದ ಹಾಗೆಯೇ ಮುಚ್ಚಿ, ಮಡಿಸಿದ ಬಟ್ಟೆ ಕಪಾಟಿನಲ್ಲಿಟ್ಟು ಬಂದೆ. ಗುಂಡು ಎಲ್ಲೋ ಮರಕ್ಕೆ ಹೋಗಿ ಬೀಳುತ್ತದೆ, ಜಿಂಕೆ ಓಡಿಹೋಗುತ್ತದೆ, ನನ್ನ ಮೊಮ್ಮಗನ ತಲೆಗೆ ಒಂದು ಜೀವದ ಪಾಪ ಅಂಟುವುದಿಲ್ಲ ಎಂದುಕೊಂಡೆ. ಪುಳಿಯೋಗರೆ ಗೊಜ್ಜು ಕಾಯಿಸುತ್ತಾ ದೇವರ ನಾಮ ಹೇಳಿಕೊಂಡೆ. ಆ ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು ಎಂದು ಬರೆಯಲು ಈಗ ಕೈ ನಾಚುತ್ತದೆ.

ಮಾರನೆಯ ದಿನದ್ದು ನಿನಗೆ ಗೊತ್ತು, ಆದರೆ ನನ್ನ ಕಡೆಯಿಂದ ಗೊತ್ತಿಲ್ಲ. ನಸುಕಿನಲ್ಲೇ ಹೊರಟು ವರ್ಜಿನಿಯಾದ ಬೆಟ್ಟದ ಸಾಲಿನ ಕಡೆ, ನಿನ್ನ ಸ್ನೇಹಿತನ ಮನೆಯವರ ಹೊಲಕ್ಕೆ ಹೋದೆವು. ಬೇರೆ ಬೇಟೆಗಾರರಿಗೆ ಕಾಣಲೆಂದು ನೀನು ನನ್ನ ಸ್ವೆಟರಿನ ಮೇಲೆ ಕಿತ್ತಳೆ ಬಣ್ಣದ ಜಾಕೆಟ್ ಹಾಕಿ, ತಲೆಗೆ ಅದೇ ಬಣ್ಣದ ಟೋಪಿ ಎಳೆದು, ಮಂಡಿಯ ಮೇಲೆ ಕಂಬಳಿ ಹೊದಿಸಿ, ಮರೆಗೆಂದು ಕಟ್ಟಿದ ಆ ಬಟ್ಟೆಯ ಗುಡಾರದೊಳಗೆ ಕುರ್ಚಿಯಲ್ಲಿ ಕೂರಿಸಿದೆ. ‘ಚಳಿ ಆದ್ರೆ ನನ್ನ ಕೈ ಒತ್ತು ಅಜ್ಜಿ, ಮಾತಾಡಬೇಡ’ ಎಂದೆ. ಬೆಳಕು ಹರಿದ ಮೇಲೆ ಒಂದು ತಾಯಿ ಜಿಂಕೆ ಮರಿಯನ್ನು ಕರೆದುಕೊಂಡು ಹತ್ತಿರದಲ್ಲೇ ಹಾದುಹೋಯಿತು. ನೀನು ಬಂದೂಕು ಎತ್ತಲೇ ಇಲ್ಲ. ಕಿವಿಯಲ್ಲಿ ‘ಮರಿ ಇದೆ’ ಅಂದೆ. ಆಗಲಾದರೂ ನನಗೆ ಬುದ್ಧಿ ಬರಬೇಕಿತ್ತು. ಎಷ್ಟೋ ಹೊತ್ತಾದ ಮೇಲೆ ಒಂಟಿ ಗಂಡು ಬಂತು. ಮೊದಲು ನಮ್ಮ ಕಡೆ ಮುಖ ಮಾಡಿತ್ತು, ನೀನು ಕಾದೆ. ಓರೆಯಾಗಿ ನಿಂತಿತು, ಆಗಲೂ ಕಾದೆ. ಎಡಕ್ಕೆ ತಲೆ ಮಾಡಿ ಪೂರ್ತಿ ಅಡ್ಡ ನಿಂತ ಮೇಲೆ ನಿನ್ನ ಉಸಿರು ನಿಂತಿದ್ದು ನನಗೆ ಕೇಳಿಸಿತು. ನಾನು ಕೆಮ್ಮಲಿಲ್ಲ ಸೌರಭ್. ಕೆಮ್ಮುವ ಅಗತ್ಯ ಏನಿದೆ, ಗುಂಡು ತಾಗುವುದಿಲ್ಲವಲ್ಲ. ಒಳಗೊಳಗೇ ನಗು ಬರುತ್ತಿತ್ತು. ನಾನೊಮ್ಮೆ ಕೆಮ್ಮಿದ್ದರೆ ಅದು ಬದುಕುತ್ತಿತ್ತು.

ಸದ್ದಾಯಿತು. ಅದು ಓಡಲಿಲ್ಲ. ಹೊಟ್ಟೆನೋವು ಬಂದವರ ಹಾಗೆ ಬೆನ್ನು ಗೂನು ಮಾಡಿಕೊಂಡು, ಬಾಲ ಇಳಿಸಿ, ಮೆಲ್ಲಗೆ ನಡೆದು ಪೊದೆಯ ಹಿಂದೆ ಹೋಯಿತು. ತಾಗಲಿಲ್ಲವೆಂದು ನಾನು ತಿಳಿದೆ. ನಿನ್ನ ಕಡೆ ನೋಡಿದೆ. ನಿನ್ನ ಮುಖದಲ್ಲಿ ರಕ್ತವೇ ಇರಲಿಲ್ಲ. ‘ನೋ, ನೋ, ನೋ. ಹೊಟ್ಟೆಗೆ ಬಿತ್ತು ಅಜ್ಜಿ. ಅಲ್ಲಿ ಹೇಗೆ ಬಿತ್ತು?’ ನಾನು ಎದ್ದು ನಿಂತೆ, ಹೋಗಿ ನೋಡೋಣ ನಡಿ ಎಂದೆ. ಈಗ ಹೋಗಬಾರದು, ಬೆನ್ನಟ್ಟಿದರೆ ಆ ನೋವಿನಲ್ಲೇ ಮೈಲಿಗಟ್ಟಲೆ ಓಡುತ್ತದೆ, ಸಿಗುವುದೇ ಇಲ್ಲ, ಬಿಟ್ಟರೆ ಹತ್ತಿರದಲ್ಲೇ ಮಲಗುತ್ತದೆ, ಕಾಯಬೇಕು ಎಂದೆ ನೀನು. ಎಷ್ಟು ಹೊತ್ತು ಎಂದು ಕೇಳಿದೆ. ‘ಮಧ್ಯಾಹ್ನ ಕಳೆಯೋವರೆಗೂ.’ ಆಗ ನನಗೆ ಪೇಪರ್ ಟವೆಲ್ ಮೇಲಿನ ಚಿತ್ರ ನೆನಪಾಯಿತು. ಪೂರ್ತಿ ಎರಡು ಸುತ್ತು ತಿರುಗಿಸುವಷ್ಟು ಧೈರ್ಯ ಇದ್ದಿದ್ದರೆ ಗುಂಡು ಗಾಳಿಗೆ ಹೋಗುತ್ತಿತ್ತು. ತಿರುಗಿಸದೇ ಬಿಟ್ಟಿದ್ದರೆ ಹತ್ತು ಸೆಕೆಂಡಿನಲ್ಲಿ ಮುಗಿಯುತ್ತಿತ್ತು. ನನ್ನ ಅರ್ಧ ಸುತ್ತು ಅದನ್ನು ಸರಿಯಾಗಿ ಅಲ್ಲಿಗೇ ಕೊಂಡೊಯ್ದಿತ್ತು.

ಆ ಗುಡಾರದಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ನಾವಿಬ್ಬರೇ ಕೂತಿದ್ದೆವು. ಪುಳಿಯೋಗರೆ ಡಬ್ಬಿ ತೆರೆಯಲಿಲ್ಲ. ನೀನು ಮತ್ತೆ ಮತ್ತೆ ಬೆರಳು ಮಡಚಿ ಬಿಚ್ಚಿ ನೋಡಿಕೊಳ್ಳುತ್ತಿದ್ದೆ. ‘ಉಸಿರು ಬಿಟ್ಟೇ ಹೊಡೆದೆ. ಟ್ರಿಗರ್ ಮೇಲೆ ಬೆರಳು ಪಕ್ಕಕ್ಕೆ ಎಳೀತಾ? ಎಳೆದಿರಬೇಕು. ನನಗೆ ಗೊತ್ತಾಗಲೇ ಇಲ್ಲ.’ ಆಗ ಹೇಳಬಹುದಿತ್ತು. ಬೇರೆ ಏನು ಮಾಡುವುದಿತ್ತು ನನಗೆ ಅಲ್ಲಿ? ಬಾಯಿ ತೆರೆದಾಗಲೆಲ್ಲ ಬೇರೆ ಮಾತು ಬಂತು. ನೀರು ಕುಡಿ ಎಂದೆ. ಟೋಪಿ ಹಾಕಿಕೋ ಎಂದೆ. ನಿನ್ನ ಹೆಗಲ ಮೇಲೆ ಕೈ ಇಟ್ಟೆ, ನೀನು ಆ ಕೈಯನ್ನು ಹಿಡಿದುಕೊಂಡೆ. ಯಾವ ಕೈಯನ್ನು ಹಿಡಿದಿದ್ದೀಯ ಎಂದು ನಿನಗೆ ಗೊತ್ತಿರಲಿಲ್ಲ.

ಹುಡುಕಲು ಹೊರಟಾಗ ನೀನು ನನಗೆ ಕಾರಿನಲ್ಲಿ ಕೂರು ಎಂದೆ, ನಾನು ಕೇಳಲಿಲ್ಲ. ಕೋಲೂರಿಕೊಂಡು ನಿನ್ನ ಹಿಂದೆ ಬಂದೆ. ಒಣ ಎಲೆಯ ಮೇಲೆ ಅಲ್ಲೊಂದು ಇಲ್ಲೊಂದು ಹನಿ, ಕೆಂಪೂ ಅಲ್ಲ, ಕಂದು ಹಸಿರು. ನೀನು ಬಗ್ಗಿ ಮೂಸಿ ನೋಡಿ ಕಣ್ಣು ಮುಚ್ಚಿಕೊಂಡೆ. ಹಳ್ಳದ ದಡದಲ್ಲಿ ಅದು ಕಾಲು ಮಡಿಸಿ ಕೂತಿತ್ತು, ಮನೆಯ ಕರು ಕೂತ ಹಾಗೆ. ತಲೆ ಎತ್ತಿತ್ತು. ಏಳಲು ನೋಡಿತು, ಆಗಲಿಲ್ಲ. ‘ಅಜ್ಜಿ, ಕಣ್ಣು ಮುಚ್ಚಿಕೋ’ ಎಂದೆ. ನಾನು ಮುಚ್ಚಲಿಲ್ಲ. ಅದರ ಹೊಟ್ಟೆ ಬೇಗ ಬೇಗ ಏರಿಳಿಯುವುದು ಕಾಣುತ್ತಿತ್ತು. ಅಷ್ಟು ಹೊತ್ತೂ ಹಾಗೆಯೇ ಕೂತು ಉಸಿರಾಡುತ್ತಿತ್ತು ಪಾಪ. ತಿರುಪಿನ ತಪ್ಪು ಲೆಕ್ಕಕ್ಕೆ ಬಾರದಷ್ಟು ಹತ್ತಿರದಿಂದ ನೀನು ಇನ್ನೊಂದು ಗುಂಡು ಹೊಡೆದೆ. ಮುಂಗಾಲಿನ ಹಿಂದೆ, ನೀನು ಸೊನ್ನೆ ಹಾಕಿ ತೋರಿಸಿದ ಜಾಗದಲ್ಲಿ. ತಲೆ ಮೆತ್ತಗೆ ಕೆಳಗಾಯಿತು, ಒಂದು ಕಾಲು ಅಲುಗಿತು, ಆಯಿತು. ನೀನು ಹೇಳಿದ್ದಕ್ಕಿಂತ ಬೇಗನೇ ಆಯಿತು. ನೀನು ನನಗೆ ಮೊದಲಿನಿಂದ ಹೇಳುತ್ತಿದ್ದುದು ಏನೆಂದು ನನಗೆ ಅಲ್ಲಿ, ಆ ಹಳ್ಳದ ಪಕ್ಕ ಅರ್ಥವಾಯಿತು.

ನೀನು ಕೆಸರಿನಲ್ಲೇ ಕೂತು ಅತ್ತೆ. ಅತ್ತು, ನನ್ನ ಮುಖ ನೋಡಿ ಹೇಳಿದೆ: ‘ಸಾರಿ ಅಜ್ಜಿ. ನೀನು ಹೇಳಿದ್ದು ಕೇಳಬೇಕಿತ್ತು.’ ಆಗ ನಾನು ಮಾಡಿದ್ದನ್ನು ನೆನೆದರೆ, ತಿರುಪು ತಿರುಗಿಸಿದ್ದೇ ವಾಸಿ ಅನ್ನಿಸುತ್ತದೆ. ಅದು ಏನಾಗುತ್ತದೆಂದು ತಿಳಿಯದೆ ಮಾಡಿದ್ದು. ಇದು ತಿಳಿದು ಮಾಡಿದ್ದು. ನಿನ್ನ ತಲೆ ಸವರಿ, ದೊಡ್ಡ ಮನಸ್ಸು ಮಾಡಿದವಳ ಹಾಗೆ, ‘ಆಯ್ತು ಬಿಡು ಕಂದ. ನನ್ನ ತಲೆ ಮೇಲೆ ಕೈ ಇಟ್ಟು ಹೇಳು, ಇನ್ನು ಬಂದೂಕು ಮುಟ್ಟಲ್ಲ ಅಂತ’ ಎಂದೆ. ನೀನು ಕೈಯನ್ನು ಹಳ್ಳದ ನೀರಿನಲ್ಲಿ ತೊಳೆದು, ಜಾಕೆಟಿಗೆ ಒರೆಸಿ, ನನ್ನ ಕಿತ್ತಳೆ ಟೋಪಿಯ ಮೇಲೆ ಇಟ್ಟೆ. ‘ಪ್ರಾಮಿಸ್ ಅಜ್ಜಿ.’ ತಪ್ಪೇ ಮಾಡದ ಕೈ ಅದು, ಅದರ ಗುರಿ ತಪ್ಪಿಸಿದವಳು ನಾನು, ಅದರಿಂದ ಆಣೆಯನ್ನೂ ತೆಗೆದುಕೊಂಡೆ. ಹಸಿದವರಿಗೆ ಊಟ ಹಾಕುವ ಅಡುಗೆಮನೆಗೆ ನೀನು ಕೊಡಬೇಕೆಂದಿದ್ದ ಮಾಂಸವೂ ಬಹುಪಾಲು ಕೆಟ್ಟಿತ್ತು. ಮನೆಗೆ ಬಂದ ಮೇಲೆ ನಾನು ಸ್ನಾನ ಮಾಡಿ ದೀಪ ಹಚ್ಚಿದೆ. ದೇವರ ಮುಂದೆಯೂ ಬಾಯಿ ಬಿಡಲಿಲ್ಲ.

ಜಿಂಕೆಗೋಸ್ಕರ ಮಾಡಿದೆ ಎಂದು ಈ ಹತ್ತು ದಿನ ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ. ಜಿಂಕೆಯ ಮೇಲೆ ಅಷ್ಟು ಕರುಣೆ ಇದ್ದಿದ್ದರೆ ನೀನು ಹೇಳಿದ್ದನ್ನು ಕೂತು ಕೇಳುತ್ತಿದ್ದೆ, ನೇರವಾಗಿ ಜಗಳವಾಡುತ್ತಿದ್ದೆ, ಇಲ್ಲವೇ ಕೆಮ್ಮುತ್ತಿದ್ದೆ. ನನಗೆ ನೀನು ಸೋಲಬೇಕಿತ್ತು. ನನ್ನ ಮಡಿಲಲ್ಲಿ ಮಲಗಿ ಕಥೆ ಕೇಳುತ್ತಿದ್ದ ಹುಡುಗ ನನಗೆ ಗೊತ್ತಿಲ್ಲದ ಗಂಡಸಾಗಿ ಬೆಳೆಯುತ್ತಿದ್ದಾನೆ ಎಂದು ಹೆದರಿಕೆಯಾಗಿತ್ತು. ಆ ಗಂಡಸು ಮರಿ ಇದೆ ಎಂದು ಬಂದೂಕು ಎತ್ತಲಿಲ್ಲ, ನೋವು ಬೇಗ ಮುಗಿಯಲೆಂದು ಗುಂಡನ್ನು ಆರಿಸಿ ತಂದಿದ್ದ, ಶೂರ್ ಆಗುವವರೆಗೆ ಕಾದ. ಅವನನ್ನು ಸರಿಯಾಗಿ ನೋಡಲು ನಾನು ಒಂದು ಜೀವಕ್ಕೆ ಅಷ್ಟು ಹಿಂಸೆ ಕೊಡಬೇಕಾಯಿತು.

ಈಗಲೂ ನನಗೆ ಬೇಟೆ ಇಷ್ಟವಿಲ್ಲ. ಅದನ್ನು ಸುಳ್ಳು ಹೇಳಲಾರೆ, ನೀನೂ ನಂಬಲಾರೆ. ಆದರೆ ಬೇಟೆ ಆಡುವುದೂ ಬಿಡುವುದೂ ನಿನ್ನ ಇಷ್ಟ, ಆ ಮಾತು ನಿನ್ನ ಬಾಯಿಂದ ಬರಬೇಕು, ನನ್ನ ಮೋಸದಿಂದಲ್ಲ. ಹಳ್ಳದ ದಡದಲ್ಲಿ ನೀನು ಮಾಡಿದ ಆಣೆಯನ್ನು ಬಿಟ್ಟುಕೊಟ್ಟಿದ್ದೇನೆ. ಬೆಳಿಗ್ಗೆ ಸ್ನಾನ ಮಾಡಿ, ದೇವರ ಮುಂದೆ ನಿಂತು, ಬಾಯಿಬಿಟ್ಟೇ ಹೇಳಿದ್ದೇನೆ. ಅದು ಇನ್ನು ನಿನ್ನನ್ನು ಕಟ್ಟುವುದಿಲ್ಲ. ನನ್ನನ್ನು ಕ್ಷಮಿಸು ಎಂದು ಕೇಳಲು ಇನ್ನೂ ಬಾಯಿ ಬರುತ್ತಿಲ್ಲ. ನೀನು ನನ್ನಲ್ಲಿ ಕ್ಷಮೆ ಕೇಳಿದ್ದೀಯಲ್ಲ, ಮೊದಲು ಅದನ್ನು ವಾಪಸ್ ತೆಗೆದುಕೋ. ಅದು ನನ್ನ ಹತ್ತಿರ ಇರಬಾರದು.

ಕಿಟಕಿ ಮುಚ್ಚಿ ಮಲಗು. ಊಟ ಬಿಡಬೇಡ. ನಿನ್ನ ರೂಮಿನ ಹುಡುಗರಿಗೆ ನಾನು ಕೇಳಿದೆನೆಂದು ಹೇಳು. ಎಲ್ಲೇ ಇರು, ಕೈಕಾಲು ಗಟ್ಟಿಯಾಗಿ, ಮನಸ್ಸು ಹಗುರವಾಗಿ ಇರು ಎಂದು ಹಾರೈಸುವ,

ನಿನ್ನ ಅಜ್ಜಿ
ವಸಂತಾ

ಮತ್ತೆ, ಬುಧವಾರ ಸಂಜೆ: ಪತ್ರ ಮುಚ್ಚುವ ಮೊದಲು ಇನ್ನಷ್ಟು. ಇವತ್ತು ಕಾಫಿ ಕುಡಿಯುವಾಗ ನಿನ್ನ ಅಪ್ಪನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಶಶಿಕಾಂತ ಲೋಟ ಕೆಳಗಿಟ್ಟ. ‘ಅಮ್ಮಾ, ಅವನು ನಿದ್ದೆ ಮಾಡ್ತಿಲ್ಲ ಗೊತ್ತಾ ನಿಂಗೆ’ ಎಂದ, ಅಷ್ಟೇ. ಆಮೇಲೆ ಬಂದೂಕು ತೆಗೆದುಕೊಂಡು ನಿನಗೆ ಗುರಿ ಕಲಿಸಿದವರ ಹತ್ತಿರ ರೇಂಜಿಗೆ ಹೋದ. ನಾನೂ ಹೋದೆ, ಬೇಡ ಎನ್ನಲಿಲ್ಲ. ಅವರು ಬಂದೂಕನ್ನು ಮರಳಿನ ಚೀಲದ ಮೇಲೆ ಊರಿ ಮೂರು ಗುಂಡು ಹೊಡೆದರು. ಮೂರೂ ತೂತು ಒಂದಕ್ಕೊಂದು ಅಂಟಿಕೊಂಡು ಬಿದ್ದಿವೆ, ನಡುವಿನ ಚುಕ್ಕೆಯಿಂದ ಬಲಕ್ಕೆ ಒಂದು ಗೇಣು. ನಾನೇ ಬೆರಳು ಚಾಚಿ ಅಳೆದೆ. ಆ ಕಾಗದವನ್ನು ಮಡಿಸಿ ಇದರೊಳಗೆ ಇಟ್ಟಿದ್ದೇನೆ, ನನ್ನ ಮಾತು ನಂಬಬೇಡ, ಅದನ್ನು ನೋಡು. ಬಂದೂಕನ್ನು ಅಂಗಡಿಗೆ ಕೊಟ್ಟಿಲ್ಲ, ತಿರುಪನ್ನೂ ಯಾರೂ ಮುಟ್ಟಿಲ್ಲ, ನೀನೇ ಬಂದು ಸರಿಮಾಡು ಎಂದು ಅಪ್ಪ ಹೇಳಿದ್ದಾನೆ. ಪ್ರೊಫೆಸರಿಗೆ ಉತ್ತರ ಕೊಡಲು ಈ ಶುಕ್ರವಾರ ಕೊನೆಯ ದಿನ ಎಂದು ಅಮ್ಮ ಹೇಳಿದಳು, ಅದಕ್ಕೇ ನಾಳೆಯೇ ತಲುಪುವ ಹಾಗೆ ಕಳಿಸುತ್ತಿದ್ದೇನೆ. ಓದಿದ ಕೂಡಲೇ ಅವರಿಗೆ ಫೋನ್ ಮಾಡು. ನನಗೆ ಮಾಡದಿದ್ದರೂ ಅವರಿಗೆ ಮಾಡು.